ಸೋತ ಕೈಗೆ ಆಟದ ಆಸರೆ

ಸೌಕಾರ್‌ಪೇಟೆಯ ಮಿಂಟ್ ಸ್ಟ್ರೀಟಿನ ಆಸುಪಾಸಿನಲ್ಲಿ ಹಲವು ವರ್ಷ ವ್ಯಾಪಾರ ನಡೆಸಿದ ಕನ್ನಡಿಗರೊಬ್ಬರನ್ನು ಕಲ್ಪಿಸಿಕೊಳ್ಳೋಣ. ದಿನವೂ ಹತ್ತಾರು ಕಾಗದಗಳಿಗೆ ರುಜು ಹಾಕುತ್ತಿದ್ದ ಅವರ ಬಲಗೈ ಒಂದು ಮುಂಜಾನೆ ಇದ್ದಕ್ಕಿದ್ದಂತೆ ಸ್ವಾಧೀನ ತಪ್ಪುತ್ತದೆ. ಸಮೀಪದ ಪಾರ್ಕ್ ಟೌನಿನಲ್ಲಿರುವ ರಾಜೀವ್ ಗಾಂಧಿ ಸರ್ಕಾರಿ ಆಸ್ಪತ್ರೆಗೆ ಸಕಾಲದಲ್ಲಿ ಒಯ್ದುದರಿಂದ ಪ್ರಾಣಾಪಾಯ ತಪ್ಪುತ್ತದೆ; ಕೆಲವು ವಾರಗಳಲ್ಲಿ ಕೋಲೂರಿ ನಡೆಯುವಷ್ಟು ಶಕ್ತಿಯೂ ಬರುತ್ತದೆ. ಕೈ ಮಾತ್ರ ಮುಷ್ಟಿ ಕಟ್ಟಿಕೊಂಡು ಮಡಿಲಲ್ಲಿ ಬಿದ್ದಿರುತ್ತದೆ. ಊಟವನ್ನು ಸೊಸೆ ಕಲೆಸಿ ಕೊಡುತ್ತಾಳೆ, ಗುಂಡಿಯನ್ನು ಮಗ ಹಾಕುತ್ತಾನೆ. ಇದು ಪ್ರೀತಿಯೇ ಸರಿ. ಆದರೆ ಆ ಕೈಗೆ ಮಾಡಲು ಕೆಲಸವೇ ಉಳಿಯುವುದಿಲ್ಲ.

ಪಾರ್ಶ್ವವಾಯುವಿನಲ್ಲಿ ಮೊದಲು ಕೆಡುವುದು ಕೈಯ ಸ್ನಾಯುಗಳಲ್ಲ. ರಕ್ತ ಸಂಚಾರ ನಿಂತೋ, ರಕ್ತನಾಳ ಒಡೆದೋ, ಅವಕ್ಕೆ ಅಪ್ಪಣೆ ಕೊಡುವ ಮೆದುಳಿನ ಭಾಗಕ್ಕೆ ಹಾನಿಯಾಗಿರುತ್ತದೆ. ಉಳಿದ ಭಾಗಗಳು ಆ ಕೆಲಸವನ್ನು ಸ್ವಲ್ಪಮಟ್ಟಿಗೆ ಕಲಿತುಕೊಳ್ಳಬಲ್ಲವು. ಆದರೆ ಕಲಿಕೆಗೆ ಒಂದೇ ಚಲನೆಯನ್ನು ನೂರಾರು ಬಾರಿ ಮಾಡಬೇಕು. 2009ರಲ್ಲಿ ಪ್ರಕಟವಾದ ಅಮೆರಿಕ-ಕೆನಡಾಗಳ ಪರಿಶೀಲನೆಯೊಂದರಂತೆ, ಒಂದು ಸಲದ ಚಿಕಿತ್ಸೆಯಲ್ಲಿ ರೋಗಿಯ ಕೈಯಿಂದ ಮಾಡಿಸಿದ ಉಪಯುಕ್ತ ಚಲನೆಗಳು ಸರಾಸರಿ 32 ಮಾತ್ರ! ನೂರಾರು ಬಾರಿ ಬೆರಳು ಬಿಚ್ಚಿ ಮಡಿಸುವುದಕ್ಕೆ ಯಾರಿಗೆ ತಾನೆ ಬೇಸರವಾಗದು? ಆಟ ಇಲ್ಲಿ ನೆರವಿಗೆ ಬರುತ್ತದೆ.

ಈ ದಿಸೆಯಲ್ಲಿ ಗಮನಾರ್ಹ ಪ್ರಯತ್ನವೊಂದು ನಮ್ಮ ನೆರೆಯಲ್ಲೇ ನಡೆದಿದೆ. ವೇಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮತ್ತು ಮದರಾಸಿನ ಐ.ಐ.ಟಿ.ಯ ಸಂಶೋಧಕರು ಕೂಡಿ ‘ಪ್ಲೂಟೋ’ ಎಂಬ ಯಂತ್ರವನ್ನು ರೂಪಿಸಿದರು. ಅದರ ವಿವರ 2021ರಲ್ಲಿ ಪ್ರಕಟವಾಯಿತು. ಮೇಜಿನ ಮೇಲಿಡಬಹುದಾದ ಈ ಯಂತ್ರಕ್ಕೆ ಇರುವುದು ಒಂದೇ ಮೋಟಾರು. ಹಿಡಿಕೆಯನ್ನು ಬದಲಿಸಿದರೆ ಮಣಿಕಟ್ಟನ್ನು ಬಾಗಿಸುವ, ಮುಂಗೈಯನ್ನು ಹೊರಳಿಸುವ, ಮುಷ್ಟಿಯನ್ನು ಬಿಚ್ಚುವ ಅಭ್ಯಾಸಗಳನ್ನು ಬೇರೆ ಬೇರೆಯಾಗಿ ಮಾಡಿಸಬಹುದು. ಕೈ ಚಲಿಸಿದಂತೆ ಗಣಕದ ಪರದೆಯ ಮೇಲೆ ಆಟ ಸಾಗುತ್ತದೆ. ಕೈ ಅರ್ಧಕ್ಕೆ ಸೋತರೆ ಯಂತ್ರವೇ ಮಿಕ್ಕ ದೂರಕ್ಕೆ ಆಸರೆ ಕೊಡುತ್ತದೆ. ಅಂಗಡಿಯಲ್ಲಿ ದೊರೆಯುವ ವಿಡಿಯೋ ಆಟಗಳಲ್ಲಿ ಈ ಆಸರೆಯಿಲ್ಲ. ಆದ್ದರಿಂದ ಬೆರಳೇ ಆಡದವರಿಗೆ ಅವುಗಳಿಂದ ಪ್ರಯೋಜನ ಕಡಿಮೆ. ಕೈಗಾಡಿಗಳ ನಡುವೆ ಆಟೋ ತೂರದ ಓಣಿಗಳಿಂದ, ಕಡಿದಾದ ಮೆಟ್ಟಿಲಿಳಿಸಿ ವೃದ್ಧರನ್ನು ದಿನವೂ ಚಿಕಿತ್ಸೆಗೆ ಒಯ್ಯುವ ಕಷ್ಟ ಬಲ್ಲವರಿಗೆ, ಇಂಥ ಸಣ್ಣ ಯಂತ್ರದ ಬೆಲೆ ಬೇಗ ತಿಳಿದೀತು.

ಆದರೆ ಪರದೆಯಲ್ಲಿ ಮಾಯೆಯೇನೂ ಇಲ್ಲ. 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 141 ರೋಗಿಗಳ ಪೈಕಿ ಒಂದು ಗುಂಪಿಗೆ ‘ವೀ’ ಎಂಬ ವಿಡಿಯೋ ಆಟವನ್ನೂ, ಇನ್ನೊಂದಕ್ಕೆ ಇಸ್ಪೀಟು ಮೊದಲಾದ ಸಾಮಾನ್ಯ ಆಟಗಳನ್ನೂ ಕೊಡಲಾಯಿತು. ಎರಡರ ಫಲಿತಾಂಶದಲ್ಲಿ ಗಣ್ಯ ವ್ಯತ್ಯಾಸ ಕಾಣಲಿಲ್ಲ. 72 ಪ್ರಯೋಗಗಳನ್ನು ಒಟ್ಟಾಗಿ ತೂಗಿದ 2017ರ ಕೋಕ್ರೇನ್ ಸಮೀಕ್ಷೆಯೂ, ಇಂಥ ಆಟಗಳು ರೂಢಿಯ ಚಿಕಿತ್ಸೆಗಿಂತ ಮೇಲಲ್ಲ, ಅದರ ಜೊತೆಗೆ ಸೇರಿಸಿದಾಗ ಉಪಯೋಗವಾಗಬಹುದು ಎಂದಿದೆ.

ಹಾಗಾದರೆ ಯಂತ್ರ ಕೊಳ್ಳಲಾಗದವರು ನಿರಾಶರಾಗಬೇಕಿಲ್ಲ. ಬೆರಳು ತುಸು ಆಡುತ್ತಿದ್ದರೆ ಅಟ್ಟದ ಮೇಲಿನ ಅಳಗುಳಿಮಣೆಯನ್ನು ಕೆಳಗಿಳಿಸಬಹುದು. ಗುಳಿಯಿಂದ ಕಾಳುಗಳನ್ನು ತೆಗೆದು ಒಂದೊಂದಾಗಿ ಬಿಡುತ್ತ ಹೋಗುವುದರಲ್ಲಿ ಹೆಬ್ಬೆರಳು, ತೋರುಬೆರಳುಗಳಿಗೆ ಎಷ್ಟು ಕೆಲಸ! ಚೌಕಾಬಾರದ ಕವಡೆಯೂ ಆದೀತು. ಎದುರಿಗೆ ಮೊಮ್ಮಗಳು ಕುಳಿತರೆ ಒಂದು ಗಂಟೆ ಕಳೆದುದೇ ತಿಳಿಯದು. ಅವಳು ಅಜ್ಜನ ಪರವಾಗಿ ಕಾಳು ಹಾಕದಂತೆ ಮಾತ್ರ ನೋಡಿಕೊಳ್ಳಬೇಕು. ಯಾವ ಆಟ, ಎಷ್ಟು ಹೊತ್ತು ಎಂಬುದನ್ನು ಫಿಸಿಯೋಥೆರಪಿಯವರು ನಿರ್ಧರಿಸಲಿ. ಸೋತ ಕೈಯನ್ನು ಹಿಡಿದೆಳೆದರೆ ಭುಜಕ್ಕೆ ಪೆಟ್ಟಾದೀತು. ನೋವು ಕಂಡರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ಅಲ್ಲಿಯವರೆಗೆ ಬ್ಯಾಂಕಿನ ವ್ಯವಹಾರ ನಿಲ್ಲಬೇಕಾಗಿಲ್ಲ. ರುಜು ಹಾಕಲಾಗದವರು ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿ ಹಣ ಪಡೆಯಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಮುಂದೆ ಕೈ ಚೇತರಿಸಿಕೊಂಡು ಲೇಖನಿ ಹಿಡಿದಾಗ ಅಕ್ಷರ ಮೊದಲಿನಂತೆ ಬಾರದಿದ್ದರೂ ಚಿಂತೆಯಿಲ್ಲ. ಹೊಸ ಮಾದರಿ ರುಜುವನ್ನು ಕೊಟ್ಟು ದಾಖಲಿಸಿಕೊಳ್ಳಬಹುದು.