ಕೆರೆಯಂಗಳದಿಂದ ಪ್ರಜಾಪ್ರತಿನಿಧಿ ಸಭೆಗೆ

ಬೆಂಗಳೂರಿನಿಂದ ಮೂಡಲ ಹಾದಿ ಹಿಡಿದು ನರಸಾಪುರವನ್ನು ದಾಟಿದವರಿಗೆ ಎಡಗಡೆಯಲ್ಲಿ ಶತಶೃಂಗ ಪರ್ವತದ ಬೋಳು ಬಂಡೆಗಳೂ, ಆಮೇಲೆ ಅದರ ಬುಡದಲ್ಲಿ ಕೋಲಾರ ಪಟ್ಟಣವೂ ಗೋಚರಿಸುತ್ತವೆ. ಅಂತರಗಂಗೆಯ ಬಸವನ ಬಾಯಿಂದ ಸುರಿಯುವ ನೀರನ್ನೂ, ಕೋಲಾರಮ್ಮನ ಗುಡಿಯ ಚೋಳಶಾಸನಗಳನ್ನೂ ಯಾತ್ರಿಕರು ನೋಡಿಯೇ ನೋಡುತ್ತಾರೆ. ಚಿನ್ನದ ಗಣಿಯ ಮಾತಂತೂ ಜಗಜ್ಜಾಹೀರು. ಆದರೆ ಈ ಸೀಮೆಯ ಜನರನ್ನು ರೂಪಿಸಿದ ಸಂಸ್ಥೆ ಯಾವುದೆಂದು ಕೇಳಿದರೆ ನಾನು ಗುಡಿಯನ್ನಾಗಲಿ ಗಣಿಯನ್ನಾಗಲಿ ತೋರಿಸಲಾರೆ, ಕೆರೆಯನ್ನು ತೋರಿಸುತ್ತೇನೆ.

ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ಪಾಲಾರು ಮಳೆಗಾಲದಲ್ಲಿ ಕೆರೆಯಿಂದ ಕೆರೆಗೆ ಕೋಡಿಬಿದ್ದು, ಬೇತಮಂಗಲ, ರಾಮಸಾಗರಗಳ ದೊಡ್ಡ ಕೆರೆಗಳನ್ನು ತುಂಬಿಸಿ, ಮೂಡಲ ಸೀಮೆಗೆ ಇಳಿದುಹೋಗುತ್ತದೆ. ಹೀಗೆ ನಿಂತ ನೀರನ್ನು ಹಂಚುತ್ತಿದ್ದವನು ನೀರುಗಂಟಿ. ಎರಡು ಕಲ್ಲುಕಂಬಗಳ ನಡುವೆ, ಎದೆಮಟ್ಟದ ನೀರಿಗಿಳಿದು, ತೂಬಿನ ಕಂಡಿಗೆ ಬಡಿದಿದ್ದ ಮರದ ಬಿರಡೆಯನ್ನು ಎಷ್ಟು ಎತ್ತಬೇಕು, ಎಷ್ಟು ಹೊತ್ತು ಬಿಡಬೇಕು, ಮೇಲ್ಗದ್ದೆಯವನ ಮಡಿ ತುಂಬಿದ ಮೇಲೆ ಕೊನೆಯ ಗದ್ದೆಯ ಬಡವನ ಪೈರಿಗೆ ಎಷ್ಟು ಉಳಿಯಬೇಕು ಎಂಬುದೆಲ್ಲ ಅವನ ಲೆಕ್ಕವಾಗಿತ್ತು. ಅವನಿಗೆ ಸಂಬಳವಿರಲಿಲ್ಲ, ಸುಗ್ಗಿಯ ಕಣದಲ್ಲಿ ಪ್ರತಿಯೊಬ್ಬ ರೈತನೂ ಅಳೆದುಕೊಡುತ್ತಿದ್ದ ಆಯವೇ ಅವನ ಜೀವನವಾಗಿತ್ತು. ಲೆಕ್ಕ ತಪ್ಪಿದರೆ ಊರೇ ಅರಳಿಕಟ್ಟೆಯಲ್ಲಿ ಕೂಡಿ ವಿಚಾರಿಸುತ್ತಿದ್ದಿತು. ರಾಜ್ಯಶಾಸ್ತ್ರದ ಗ್ರಂಥಗಳನ್ನು ಓದದೆಯೇ ಇಲ್ಲಿನ ರೈತನು ನ್ಯಾಯವಾದ ಹಂಚಿಕೆಯ ಪಾಠವನ್ನು ಕಲಿತದ್ದು ಹೀಗೆ.

ಆ ವಿದ್ಯೆಗೆ ದೊಡ್ಡ ವೇದಿಕೆ ದೊರೆತದ್ದು 1881ರಲ್ಲಿ. 1876ರಿಂದ 78ರವರೆಗಿನ ಮಹಾಕ್ಷಾಮವು, 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯನ್ನು ಹತ್ತು ವರ್ಷಗಳಲ್ಲಿ 42 ಲಕ್ಷದ ಆಸುಪಾಸಿಗೆ ಇಳಿಸಿಬಿಟ್ಟಿದ್ದಿತು. ಅಂಥ ಹೊತ್ತಿನಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಪ್ರತಿ ತಾಲ್ಲೂಕಿನಿಂದ, ಜನರಲ್ಲಿ ಗೌರವವೂ ಲೋಕಾನುಭವವೂ ಉಳ್ಳ ಒಬ್ಬಿಬ್ಬರು ಉಳುವ ಭೂಹಿಡುವಳಿದಾರರನ್ನೂ, ಜಿಲ್ಲೆಯಿಂದ ಮೂರು ನಾಲ್ವರು ವರ್ತಕರನ್ನೂ ಆರಿಸಿ ಕಳುಹಿಸಬೇಕೆಂಬುದು ಸರ್ಕಾರದ ಆಜ್ಞೆ. ದಸರೆಯ ಕಾಲಕ್ಕೆ, ಅಕ್ಟೋಬರ್ 7ರಂದು, 144 ಮಂದಿ ಮೈಸೂರಿನಲ್ಲಿ ಸೇರಿದರು. ಬೆಂಗಳೂರಿನ ರೈಲುಹಳಿ ಆಗಿನ್ನೂ ಮೈಸೂರನ್ನು ಮುಟ್ಟಿರಲಿಲ್ಲ. ಕೋಲಾರದ ರೈತನಿಗೆ ಅದು ಸಣ್ಣ ಪ್ರಯಾಣವಲ್ಲ.

ಈ ಸಭೆಯನ್ನು ಅತಿಯಾಗಿ ಹೊಗಳುವವರ ಗುಂಪಿಗೆ ನಾನು ಸೇರಿದವನಲ್ಲ. ಸದಸ್ಯರು ಅರಿಕೆ ಮಾಡಿಕೊಳ್ಳಬಹುದಾಗಿತ್ತು, ಅಷ್ಟೆ. ಕಾನೂನನ್ನು ತಡೆಯುವ ಅಧಿಕಾರವಾಗಲಿ, ಆಯವ್ಯಯವನ್ನು ನಿರಾಕರಿಸುವ ಅಧಿಕಾರವಾಗಲಿ ಅವರಿಗಿರಲಿಲ್ಲ. ಸಭೆಗೆ ಶಾಸನದ ಆಧಾರ ದೊರೆಯಲು 1923ರವರೆಗೆ ಕಾಯಬೇಕಾಯಿತು. ಈ ಕೊರತೆಯ ಬೆಲೆ ಏನೆಂದು ತಿಳಿಯಲು 1892ರ ಮೈಸೂರು–ಮದರಾಸು ಒಪ್ಪಂದವನ್ನು ನೋಡಿದರೆ ಸಾಕು. ಮದರಾಸಿನ ಪೂರ್ವಾನುಮತಿಯಿಲ್ಲದೆ ಹೊಸ ಜಲಾಶಯವನ್ನು ಕಟ್ಟಬಾರದೆಂದು ಗೊತ್ತುಮಾಡಿದ ಹದಿನೈದು ನದಿಗಳ ಪಟ್ಟಿಯಲ್ಲಿ ಪಾಲಾರೂ ದಕ್ಷಿಣ ಪಿನಾಕಿನಿಯೂ ಸೇರಿಹೋದವು. ಎರಡು ಸರ್ಕಾರಗಳು ಮಾಡಿಕೊಂಡ ಆ ನಿರ್ಣಯಕ್ಕೆ ಕೆರೆಯ ಕೆಳಗೆ ಬೇಸಾಯ ಮಾಡುವವನ ಸಮ್ಮತಿ ಬೇಕಿರಲಿಲ್ಲ. ಬೇತಮಂಗಲದ ನೀರಾದರೋ ಮುಂದೆ ಚಿನ್ನದ ಗಣಿಯ ಊರಿಗೂ ಹರಿಯಿತು!

ಅರಿಕೆಯು ಅಧಿಕಾರವಾದದ್ದು ಇದೇ ಜಿಲ್ಲೆಯವರೊಬ್ಬರ ಕಾಲದಲ್ಲಿ. ಕ್ಯಾಸಂಬಳ್ಳಿಯಲ್ಲಿ 1902ರಲ್ಲಿ ಹುಟ್ಟಿದ ಕೆ. ಚೆಂಗಲರಾಯ ರೆಡ್ಡಿಯವರು ವಕೀಲರಾಗಿ, ಪ್ರಜಾಪಕ್ಷದ ಮೂಲಕ ಹಳ್ಳಿಗಾಡಿನ ಮಾತನ್ನು ರಾಜಕೀಯಕ್ಕೆ ತಂದು, ಬಳಿಕ ಕಾಂಗ್ರೆಸ್ಸನ್ನು ಸೇರಿ, 1947ರ ಅಕ್ಟೋಬರಿನಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಗಳಾದರು.

ಇಂದಿಗೂ ಕೋಲಾರದ ಚುನಾವಣೆಯ ಮಾತು ನೀರಿನ ಸುತ್ತಲೇ ತಿರುಗುತ್ತದೆ. 2018ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಲಕ್ಷ್ಮೀಸಾಗರದ ಕೆರೆಗೆ ಬಂದಿತು. ಅಂತರ್ಜಲ ಏರಿತೆಂದು ಸಂತೋಷಪಡುವವರೂ, ಎರಡೇ ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಆಗಲೇಬೇಕೆಂದು ಹಟಹಿಡಿದವರೂ ಒಂದೇ ಊರಿನಲ್ಲಿದ್ದಾರೆ. ಶ್ರೀನಿವಾಸಪುರದ ಮಾವಿನ ತೋಪಿನವರು, ನಮ್ಮ ಕೆರೆಯ ಸರದಿ ಎಂದಿಗೆ ಎಂದು ಕೇಳುತ್ತಾರೆ.