ನೃತ್ಯ: ಪರದೆಯ ಮೇಲೋ, ರಂಗದ ಮೇಲೋ?

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಗೆ ಹೋದವರು ಸೋಮೇಶ್ವರ ದೇಗುಲದ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಬಾಗಿಲಿನ ಎರಡೂ ಬದಿಗೆ ಕಲ್ಲಿನ ಜಾಲಂಧ್ರಗಳಿವೆ. ಒಂದರಲ್ಲಿ ರಾಮಾಯಣ, ಇನ್ನೊಂದರಲ್ಲಿ ಮಹಾಭಾರತ. ಪುಟ್ಟ ಪುಟ್ಟ ಆಕೃತಿಗಳಲ್ಲಿ ಇಡೀ ಕಥೆಯನ್ನು ತುಂಡುತುಂಡಾಗಿ ಕೊರೆದಿದ್ದಾರೆ. ಬೆಳಕನ್ನು ಒಳಗೆ ಬಿಡುವ, ಕಥೆಯನ್ನೂ ಹೇಳುವ ಈ ಕಲ್ಲಿನ ತೆರೆಯನ್ನು ನಮ್ಮ ಸೀಮೆಯ ಹಳೆಯ ‘ಸ್ಕ್ರೀನು’ ಎಂದು ಕರೆದರೆ ತಪ್ಪಾಗಲಾರದು. ಎಷ್ಟು ಸಲ ನೋಡಿದರೂ ದಣಿಯುವುದಿಲ್ಲ, ಟಿಕೆಟ್ಟೂ ಇಲ್ಲ. ಒಂದೇ ಕೊರತೆ ಎಂದರೆ ಅಲ್ಲಿರುವವರು ಯಾರೂ ಅಲುಗಾಡುವುದಿಲ್ಲ.

ಈ ಕೊರತೆ ಸಣ್ಣದಲ್ಲ. ನಾಗರಖಂಡವನ್ನು ಆಳಿದ ಜಕ್ಕಿಯಬ್ಬೆ ಹತ್ತನೆಯ ಶತಮಾನದ ಆರಂಭದಲ್ಲಿ ಬಂದಳಿಕೆಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟಳೆಂಬುದನ್ನು ಶಾಸನ ಹೇಳುತ್ತದೆ. ಪಕ್ಕದ ಬಳ್ಳಿಗಾವೆ ಅಲ್ಲಮಪ್ರಭುವಿನ ಊರು. ವಚನಕಾರನಾಗುವ ಮೊದಲು ಆತ ಮದ್ದಳೆ ಬಾರಿಸುತ್ತಿದ್ದನೆಂದು ಹಳೆಯ ಕಾವ್ಯಗಳು ಹೇಳುತ್ತವೆ. ಹೊಯ್ಸಳರ ರಾಣಿ, ನಾಟ್ಯನಿಪುಣೆ ಶಾಂತಲೆಯೂ ಇದೇ ಊರಿನವಳೆಂದು ಜನ ನಂಬುತ್ತಾರೆ. ಇಷ್ಟಾದರೂ ಆ ಮದ್ದಳೆಗೆ ಯಾರು ಹೇಗೆ ಹೆಜ್ಜೆ ಹಾಕಿದರು ಎಂಬುದು ಯಾವ ಶಾಸನದಲ್ಲೂ ಇಲ್ಲ. ಶಿಲ್ಪಿ ಒಂದು ಭಂಗಿಯನ್ನು ಹಿಡಿಯಬಲ್ಲ. ಆ ಭಂಗಿಯಿಂದ ಮುಂದಿನ ಭಂಗಿಗೆ ದೇಹ ಸಾಗಿದ ದಾರಿಯನ್ನು ಹಿಡಿಯಲಾರ. ನೃತ್ಯವೆಂದರೆ ಆ ದಾರಿಯೇ ಅಲ್ಲವೆ?

ಈಗ ಕಾಲ ಬದಲಾಗಿದೆ. ಸೊರಬದ, ಶಿರಾಳಕೊಪ್ಪದ ಹುಡುಗ ಹುಡುಗಿಯರ ಕೈಯಲ್ಲಿರುವ ಫೋನಿನಲ್ಲಿ ನ್ಯೂಯಾರ್ಕಿನ ನೃತ್ಯವೂ ಬರುತ್ತದೆ, ಜರ್ಮನಿಯದೂ ಬರುತ್ತದೆ. ಸಿನಿಮಾ ಹಾಡಿನ ಕುಣಿತವಷ್ಟೇ ಅಲ್ಲ, ‘ಆಧುನಿಕ ನೃತ್ಯ’ ಎಂದು ಕರೆಸಿಕೊಳ್ಳುವ, ಕಥೆಯಾಗಲಿ ಕಿರೀಟವಾಗಲಿ ಇಲ್ಲದ, ಬರಿಯ ದೇಹದ ಚಲನೆಯನ್ನೇ ನಂಬಿದ ನೃತ್ಯವನ್ನೂ ಅವರು ನೋಡುತ್ತಿದ್ದಾರೆ. ಅಂಥದ್ದನ್ನು ರಂಗದ ಮೇಲೆ ನೋಡಬೇಕೆಂದರೆ ಬಹುಮಟ್ಟಿಗೆ ಬೆಂಗಳೂರಿಗೇ ರಾತ್ರಿ ಬಸ್ಸು ಹಿಡಿಯಬೇಕು. ಬೆಂಗಳೂರಿನವರೇ ಆದ ಮಾಯಾ ರಾವ್ (1928–2014) ರಷ್ಯಾದಲ್ಲಿ ನೃತ್ಯ ಸಂಯೋಜನೆಯನ್ನು ಅಭ್ಯಾಸ ಮಾಡಿ ಬಂದು, 1987ರಲ್ಲಿ ತಮ್ಮ ಸಂಸ್ಥೆಯನ್ನು ದೆಹಲಿಯಿಂದ ಅಲ್ಲಿಗೆ ತಂದರು. ಅವರ ಮಗಳು ಮಧು ನಟರಾಜ್ 1995ರಲ್ಲಿ ಸಮಕಾಲೀನ ನೃತ್ಯದ ತಂಡ ಕಟ್ಟಿದರು. ಜಯಚಂದ್ರನ್ ಪಾಲಾಳಿಯವರ ಅಟ್ಟಕ್ಕಲರಿ ಸಂಸ್ಥೆಯೂ ಬೆಂಗಳೂರಿನದೇ. ಇವರ ಕೆಲಸ ಬಂದಳಿಕೆಯ ಸೀಮೆಯ ಮಕ್ಕಳಿಗೆ ತಲುಪುವುದು ವಿಡಿಯೊದ ಮೂಲಕವೇ. ಹಾಗಾದರೆ ವಿಡಿಯೊದಲ್ಲಿ ನೋಡಿದವರು ನೋಡಿದ್ದೇನು?

ಉಗುರಿನಷ್ಟು ನರ್ತಕಿ

ಮೊದಲು ಒಂದು ಲೆಕ್ಕ ಮಾಡೋಣ. ಅಡ್ಡ ಹಿಡಿದ ಫೋನಿನ ಪರದೆ ಸುಮಾರು 13 ಸೆಂಟಿಮೀಟರ್ ಅಗಲ. 12 ಮೀಟರ್ ಅಗಲದ ರಂಗಮಂಚ ಅದರಲ್ಲಿ ಪೂರ್ತಿ ಕಾಣಬೇಕೆಂದರೆ ಎಲ್ಲವೂ ತೊಂಬತ್ತು ಪಟ್ಟಿಗಿಂತ ಹೆಚ್ಚು ಕುಗ್ಗುತ್ತದೆ. 1.6 ಮೀಟರ್ ಎತ್ತರದ ನರ್ತಕಿ 1.7 ಸೆಂಟಿಮೀಟರಿಗೆ ಇಳಿಯುತ್ತಾಳೆ, ಹೆಬ್ಬೆರಳಿನ ಉಗುರಿನಷ್ಟು! ಅವಳ ಬೆರಳು ಒಂದು ಮಿಲಿಮೀಟರೂ ಇರುವುದಿಲ್ಲ.

“ಅದಕ್ಕೇ ವಿಡಿಯೊ ಸಪ್ಪೆ” ಎಂದು ತೀರ್ಮಾನಕ್ಕೆ ಬರುವ ಮೊದಲು ಲೆಕ್ಕವನ್ನು ಪೂರ್ತಿ ಮಾಡಬೇಕು. ಫೋನನ್ನು ಕಣ್ಣಿನಿಂದ 30 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಆ ಉಗುರಿನಷ್ಟು ನರ್ತಕಿ ಕಣ್ಣಿನಲ್ಲಿ ಮಾಡುವ ಕೋನ, ಸಭಾಂಗಣದಲ್ಲಿ 28 ಮೀಟರ್ ಹಿಂದೆ ಕೂತವನಿಗೆ ನಿಜವಾದ ನರ್ತಕಿ ಮಾಡುವ ಕೋನಕ್ಕೆ ಸಮ. ಅಂದರೆ ಕೊನೆಯ ಸಾಲಿನವನಿಗೆ ರಂಗದ ಮೇಲಿನ ದೇಹ ಫೋನಿನಲ್ಲಿ ಕಂಡದ್ದಕ್ಕಿಂತ ದೊಡ್ಡದಾಗೇನೂ ಕಾಣುವುದಿಲ್ಲ. ಹಾಗಿದ್ದೂ ಕೊನೆಯ ಸಾಲಿನವನು ಮೈಮರೆತು ಕೂರುತ್ತಾನೆ, ಫೋನಿನವನು ಎರಡು ನಿಮಿಷಕ್ಕೆ ಬೆರಳಾಡಿಸಿ ಮುಂದೆ ಹೋಗುತ್ತಾನೆ. ವ್ಯತ್ಯಾಸ ಗಾತ್ರದಲ್ಲಿಲ್ಲ ಎಂದಾಯಿತು.

ಯಾರ ಕಣ್ಣು?

ರಂಗದ ಮೇಲೆ ಹತ್ತು ಜನ ಕುಣಿಯುತ್ತಿದ್ದರೆ ಯಾರನ್ನು ನೋಡಬೇಕೆಂದು ತೀರ್ಮಾನಿಸುವವರು ನೀವು. ನಡುವೆ ಜಿಗಿಯುವವನನ್ನು ಬಿಟ್ಟು ಮೂಲೆಯಲ್ಲಿ ಸುಮ್ಮನೆ ನಿಂತವಳನ್ನು ನೋಡಬಹುದು. ಅವಳು ಯಾಕೆ ನಿಂತಿದ್ದಾಳೆ ಎಂದು ಯೋಚಿಸುತ್ತಿರುವಾಗಲೇ ಅವಳು ಚಲಿಸತೊಡಗುತ್ತಾಳೆ. ವಿಡಿಯೊದಲ್ಲಿ ಈ ತೀರ್ಮಾನ ಮೊದಲೇ ಆಗಿಹೋಗಿದೆ. ಮುಖ ತೋರಿಸಿದಾಗ ಪಾದವಿಲ್ಲ, ಪಾದ ತೋರಿಸಿದಾಗ ಪಕ್ಕದವನಿಲ್ಲ. ನೀವು ನೋಡುವುದು ನೃತ್ಯವನ್ನಲ್ಲ, ಒಬ್ಬ ಛಾಯಾಗ್ರಾಹಕ ಆ ನೃತ್ಯವನ್ನು ನೋಡಿದ ಬಗೆಯನ್ನು.

ಈ ಸಮಸ್ಯೆಯನ್ನು ಚೆನ್ನಾಗಿ ಬಲ್ಲವರಲ್ಲಿ ಅಮೆರಿಕದ ಮರ್ಸ್ ಕನ್ನಿಂಗ್‌ಹ್ಯಾಮ್ (1919–2009) ಒಬ್ಬರು. 1964ರ ವಿಶ್ವ ಪ್ರವಾಸದಲ್ಲಿ ಅವರ ತಂಡ ಭಾರತಕ್ಕೂ ಬಂದಿತ್ತು. ಆಕಾಶದಲ್ಲಿ ಸ್ಥಿರವಾದ ಬಿಂದು ಎಂಬುದೇ ಇಲ್ಲ ಎಂಬ ಐನ್‌ಸ್ಟೈನರ ಮಾತನ್ನು ಓದಿದ ಅವರು ರಂಗಮಂಚದಲ್ಲೂ ‘ನಡು’ ಎಂಬುದನ್ನು ಕಿತ್ತುಹಾಕಿದರು. ಎಲ್ಲ ಜಾಗವೂ ಸಮಾನ, ಎಲ್ಲಿ ಬೇಕಾದರೂ ನೋಡಿ ಎಂಬ ಧೋರಣೆ. (ಪಾಠಪುಸ್ತಕದ ಸಾಪೇಕ್ಷತೆ ಹೀಗೊಂದು ಕಡೆ ಕಾಲು ಚಾಚಿದೆ ಎಂಬುದನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ನೆನಪಿಡಬಹುದು.) ಇಂಥ ನೃತ್ಯವನ್ನು ಒಂದು ಚೌಕಟ್ಟಿಗೆ ಕಟ್ಟುವುದು ಹೇಗೆ? ಕನ್ನಿಂಗ್‌ಹ್ಯಾಮ್ ಹಿಂಜರಿಯಲಿಲ್ಲ, ಕ್ಯಾಮೆರಾಕ್ಕೆಂದೇ ಬೇರೆ ನೃತ್ಯಗಳನ್ನು ಹೆಣೆದರು. 1986ರಲ್ಲಿ ಬಿಬಿಸಿಗಾಗಿ ಮಾಡಿದ ‘ಪಾಯಿಂಟ್ಸ್ ಇನ್ ಸ್ಪೇಸ್’ ಮೊದಲು ಚಿತ್ರವಾಗಿ ಬಂತು, ಆಮೇಲೆ ರಂಗಕ್ಕೆ ಹೋಯಿತು.

ಇಲ್ಲಿ ಸ್ವಾರಸ್ಯದ ಒಂದು ರೇಖಾಗಣಿತವಿದೆ. ಕ್ಯಾಮೆರಾಕ್ಕೆ ಕಾಣುವ ಜಾಗ ಒಂದು ತ್ರಿಕೋನ. ಮಸೂರದ ಬಳಿ ಚೂಪು, ದೂರ ಹೋದಂತೆ ಅಗಲ. ಆದ್ದರಿಂದ ಕ್ಯಾಮೆರಾದ ಹತ್ತಿರ ಬಂದ ನರ್ತಕನಿಗೆ ಆಚೀಚೆ ಎರಡು ಹೆಜ್ಜೆ ಇಡಲೂ ಜಾಗವಿಲ್ಲ, ಇಟ್ಟರೆ ಚೌಕಟ್ಟಿನಿಂದಲೇ ಮಾಯ! ರಂಗಮಂಚದಲ್ಲಿ ಹಾಗಲ್ಲ. ಅಲ್ಲಿ ಪ್ರೇಕ್ಷಕರಿಗೆ ಹತ್ತಿರವಾದ ಮುಂಭಾಗವೇ ಪೂರಾ ತೆರೆದ, ವಿಶಾಲವಾದ ಜಾಗ. ಒಂದಕ್ಕೆಂದು ಹೆಣೆದದ್ದು ಇನ್ನೊಂದರಲ್ಲಿ ಸೊರಗುವುದು ಇದರಿಂದಲೇ.

ಮಣ್ಣಿನ ವಾಸನೆ, ಡೊಳ್ಳಿನ ಪೆಟ್ಟು

ಕಣ್ಣಿನ ಮಾತಾಯಿತು. ಇನ್ನು ಕಿವಿಯ ಮಾತು. ಸೊರಬ, ಸಾಗರ, ಶಿಕಾರಿಪುರದ ಕಡೆಯವರಿಗೆ ಡೊಳ್ಳು ಕುಣಿತವನ್ನು ವಿವರಿಸಬೇಕಿಲ್ಲ. ಡೊಳ್ಳು ಎದುರಿಗೆ ಬಂದಾಗ ಸದ್ದು ಕಿವಿಗೆ ಕೇಳುವುದು ಹಾಗಿರಲಿ, ಎದೆಗೂಡಿಗೇ ಬಡಿಯುತ್ತದೆ. ಕಡಿಮೆ ಕಂಪನಾಂಕದ ಆ ಸದ್ದಿಗೆ ಬಹಳಷ್ಟು ಗಾಳಿಯನ್ನು ಹಿಂದೆ ಮುಂದೆ ತಳ್ಳಬೇಕು. ಫೋನಿನ ಪುಟ್ಟ ಸ್ಪೀಕರಿಗೆ ಅದು ಸಾಧ್ಯವೇ ಇಲ್ಲ. ವಿಡಿಯೊದ ಡೊಳ್ಳು ತಗಡು ಬಡಿದಂತೆ ಕೇಳುವುದು ಕಲಾವಿದನ ತಪ್ಪಲ್ಲ. ಬಯಲಿನಲ್ಲಿ 34 ಮೀಟರ್ ದೂರ ನಿಂತವರಿಗೆ ಪೆಟ್ಟು ಮೊದಲು ಕಂಡು, ಸದ್ದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡವಾಗಿ ಬರುತ್ತದೆ. ಕುಣಿಯುವವನಿಗೂ ನಮಗೂ ನಡುವೆ ಎಷ್ಟು ದೂರವಿದೆ ಎಂದು ಕಿವಿಯೂ ಹೀಗೆ ಅಳೆಯುತ್ತಿರುತ್ತದೆ.

ಮೂಗಿನದು ಇನ್ನೂ ವಿಚಿತ್ರ. ಜರ್ಮನಿಯ ಪೀನಾ ಬೌಶ್ (1940–2009) 1975ರಲ್ಲಿ ‘ದಿ ರೈಟ್ ಆಫ್ ಸ್ಪ್ರಿಂಗ್’ ಸಂಗೀತಕ್ಕೆ ನೃತ್ಯ ಹೆಣೆದಾಗ ರಂಗದ ತುಂಬ ಮಣ್ಣು ಹರಡಿಸಿದ್ದರು. ಕುಣಿಯುತ್ತ ಕುಣಿಯುತ್ತ ನರ್ತಕರ ಮೈಬೆವರಿಗೆ ಆ ಮಣ್ಣು ಮೆತ್ತುತ್ತದೆ, ಬಿಳಿಚಿದ ಬಟ್ಟೆ ಕಪ್ಪಾಗುತ್ತದೆ, ಏದುಸಿರು ಕೇಳಿಸುತ್ತದೆ. ಮೊದಲ ಮಳೆಯ ಮಣ್ಣಿನ ವಾಸನೆ ಬಲ್ಲ ಮಲೆನಾಡಿನವರಿಗೆ ಮುಂದಿನ ಸಾಲಿನಲ್ಲಿ ಕೂತವರ ಪಾಡು ಏನಿರಬಹುದೆಂದು ಊಹಿಸುವುದು ಕಷ್ಟವಲ್ಲ. ಈ ಪೀನಾ ಬೌಶರನ್ನು ಚಿತ್ರೀಕರಿಸಬೇಕೆಂದು ಚಿತ್ರ ನಿರ್ದೇಶಕ ವಿಮ್ ವೆಂಡರ್ಸ್ ವರ್ಷಗಟ್ಟಲೆ ಬಯಸಿ, ಹೇಗೆ ಹಿಡಿಯಬೇಕೆಂದು ತಿಳಿಯದೆ ಸುಮ್ಮನಿದ್ದರು. ಆಳವನ್ನೂ ತೋರಿಸುವ ತ್ರಿ-ಡಿ ತಂತ್ರ ಬಂದ ಮೇಲೆ ಧೈರ್ಯ ಬಂತು. ಚಿತ್ರೀಕರಣಕ್ಕೆ ಸಿದ್ಧತೆ ನಡೆದಿದ್ದಾಗಲೇ 2009ರಲ್ಲಿ ಬೌಶ್ ತೀರಿಕೊಂಡರು. ಆಕೆಯಿಲ್ಲದೆ, ಆಕೆಯ ನರ್ತಕರನ್ನೇ ಇಟ್ಟುಕೊಂಡು ಮುಗಿಸಿದ ‘ಪೀನಾ’ ಚಿತ್ರ 2011ರಲ್ಲಿ ಬಂತು.

ನಮ್ಮವರೇ ಆದ ಚಂದ್ರಲೇಖಾ (1928–2006) ಅವರ 2001ರ ‘ಶರೀರ’ ಇನ್ನೊಂದು ಪರೀಕ್ಷೆ. ದ್ರುಪದ್ ಗಾಯನಕ್ಕೆ ಒಂದು ಕಾಲು ನೆಲದಿಂದ ಏಳಲು ನಿಮಿಷಗಳೇ ಬೇಕೇನೋ ಎನ್ನುವಷ್ಟು ನಿಧಾನದ ಕೃತಿ ಅದು. ಕತ್ತಲೆಯ ಸಭಾಂಗಣದಲ್ಲಿ ಎದ್ದು ಹೋಗಲಾಗದೆ ಕೂತವನ ಉಸಿರೂ ಕ್ರಮೇಣ ಆ ನಿಧಾನಕ್ಕೆ ಒಗ್ಗುತ್ತದೆ. ಫೋನಿನಲ್ಲಿ ಅದೇ ನಿಧಾನವನ್ನು ಹೆಬ್ಬೆರಳು ಸಹಿಸುವುದಿಲ್ಲ.

ಆದರೂ ವಿಡಿಯೊ ಬೇಕು

ಇಷ್ಟೆಲ್ಲ ಹೇಳಿ ವಿಡಿಯೊವನ್ನು ಹಳಿಯುವುದು ಬೆಂಗಳೂರಿನಲ್ಲಿ ಮನೆಯಿದ್ದವರಿಗೆ ಸುಲಭ. ಬಂದಳಿಕೆಯ ಸುತ್ತಿನ ಹಳ್ಳಿಯ ಹುಡುಗಿಗೆ ಅದನ್ನೂ ಕಿತ್ತುಕೊಂಡರೆ ಉಳಿಯುವುದೇನು? ಉದಯಶಂಕರರು 1948ರಲ್ಲಿ ‘ಕಲ್ಪನಾ’ ಚಿತ್ರ ಮಾಡಿರದಿದ್ದರೆ, ಭಾರತದಲ್ಲಿ ಆಧುನಿಕ ನೃತ್ಯಕ್ಕೆ ದಾರಿ ತೋರಿದ ಆ ದೇಹ ಹೇಗೆ ಚಲಿಸುತ್ತಿತ್ತೆಂದು ಇಂದಿನವರು ಬಾಯಿಮಾತಿನಲ್ಲೇ ತಿಳಿಯಬೇಕಾಗಿತ್ತು, ಶಾಂತಲೆಯ ಹಾಗೆ. ಆ ಚಿತ್ರದ ಪುನರುಜ್ಜೀವಿತ ಪ್ರತಿ 2012ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಹಿಂದಕ್ಕೆ ಓಡಿಸಿ, ನಿಲ್ಲಿಸಿ, ನಿಧಾನ ಮಾಡಿ ಒಂದು ತಿರುವನ್ನು ಇಪ್ಪತ್ತು ಸಲ ನೋಡುವ ಸೌಲಭ್ಯವನ್ನು ಯಾವ ರಂಗಮಂದಿರವೂ ಕೊಡಲಾರದು. 2020ರಲ್ಲಿ ಕೊರೊನಾದಿಂದ ರಂಗಮಂದಿರಗಳು ಬಾಗಿಲು ಹಾಕಿದಾಗ, ಯಕ್ಷಗಾನ ಮೇಳಗಳೂ ನಿಂತಾಗ, ಕಲಾವಿದರನ್ನು ಜನರ ನೆನಪಿನಲ್ಲಿ ಉಳಿಸಿದ್ದೂ ಈ ಪುಟ್ಟ ಪರದೆಯೇ.

ಫೋನಿಗೂ ರಂಗಕ್ಕೂ ನಡುವೆ ಮೂರನೆಯ ದಾರಿಯೊಂದಿದೆ. ಅದು ಇದೇ ಜಿಲ್ಲೆಯದು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಕೆ.ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ 1973ರಲ್ಲಿ ಚಿತ್ರಸಮಾಜವನ್ನೂ ಕಟ್ಟಿತು. ಅಡಿಕೆ ಬೆಳೆಗಾರರು, ಕೂಲಿಯವರು, ಶಾಲಾ ಮಕ್ಕಳು ಒಟ್ಟಿಗೆ ಕೂತು ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ನೋಡಿದರು, ಆಮೇಲೆ ಮಾತಾಡಿದರು. ಪರದೆ ಪರದೆಯೇ, ಆದರೆ ಕತ್ತಲಲ್ಲಿ ನೂರು ಜನರ ಜೊತೆ ನೋಡುವುದು ಹಾಸಿಗೆಯಲ್ಲಿ ಮಲಗಿ ಒಬ್ಬರೇ ನೋಡುವುದಕ್ಕಿಂತ ಬೇರೆ. ಪ್ರೊಜೆಕ್ಟರ್ ಇರುವ ಶಾಲೆ ತಿಂಗಳಿಗೊಮ್ಮೆ ಕಿಟಕಿಗೆ ಬಟ್ಟೆ ಕಟ್ಟಿ, ಒಂದು ನೃತ್ಯವನ್ನು ನಡುವೆ ನಿಲ್ಲಿಸದೆ ತೋರಿಸಿದರೆ ಖರ್ಚೇನೂ ಬೀಳುವುದಿಲ್ಲ. 1985ರಲ್ಲಿ ಆರಂಭವಾದ ‘ತಿರುಗಾಟ’ದ ನಾಟಕಗಳಂಥವು ಹತ್ತಿರದ ಊರಿಗೆ ಬಂದಾಗ ಮಾತ್ರ ಪಾಲಕರು ಪರೀಕ್ಷೆಯ ನೆಪ ಹೇಳದೆ ಮಕ್ಕಳನ್ನು ಕಳಿಸಬೇಕು, ಸಾಧ್ಯವಾದರೆ ತಾವೂ ಹೋಗಬೇಕು. ನಾಟಕವಾದರೂ ಎದುರಿಗೆ ಚಲಿಸುವ ದೇಹವನ್ನು ನೋಡುವ ಅಭ್ಯಾಸ ಅಲ್ಲಿಂದಲೇ ಬರುತ್ತದೆ.

ಶಾಲಾ ವಾರ್ಷಿಕೋತ್ಸವದ ದಿನ

ಎಲ್ಲರೂ ತಪ್ಪದೆ ಹೋಗುವ ನೃತ್ಯ ಪ್ರದರ್ಶನವೆಂದರೆ ಶಾಲಾ ವಾರ್ಷಿಕೋತ್ಸವ. ಈಗ ಅನೇಕ ಕಡೆ ಮಕ್ಕಳು ಕುಣಿತವನ್ನು ಕಲಿಯುವುದು ವಿಡಿಯೊ ನೋಡಿ. ಅದರಲ್ಲೊಂದು ತಮಾಷೆಯಿದೆ. ಪರದೆಯಲ್ಲಿ ಎದುರು ನಿಂತ ನರ್ತಕಿ ಬಲಗೈ ಎತ್ತಿದರೆ, ನೋಡುತ್ತ ಕಲಿಯುವ ಮಗು ಅದೇ ದಿಕ್ಕಿನ ತನ್ನ ಎಡಗೈ ಎತ್ತುತ್ತದೆ. ಕೆಲವರು ಕನ್ನಡಿಯಂತೆ ತಿರುಗಿಸಿದ ವಿಡಿಯೊ ನೋಡಿರುತ್ತಾರೆ, ಅವರದ್ದು ಬಲಗೈ. ಕೊನೆಗೆ ಒಂದೇ ಹಾಡಿಗೆ ಅರ್ಧ ತಂಡ ಎಡಕ್ಕೆ, ಅರ್ಧ ಬಲಕ್ಕೆ! ಎದುರಿಗೆ ಮೇಷ್ಟ್ರೋ ಟೀಚರೋ ಇದ್ದರೆ ಬೆನ್ನು ತಿರುಗಿಸಿ ನಿಂತು ತೋರಿಸುತ್ತಾರೆ, ಎಡವಿದವನ ಭುಜ ಹಿಡಿದು ತಿರುಗಿಸುತ್ತಾರೆ. ಪರದೆಗೆ ಕೈಯಿಲ್ಲ.

ತಮಾಷೆಯಲ್ಲದ ಸಂಗತಿ ಮುಂದಿದೆ. ಮಗಳು ರಂಗಕ್ಕೆ ಬಂದ ಕೂಡಲೇ ಅಪ್ಪ ಫೋನು ಎತ್ತುತ್ತಾನೆ. ಹಿಂದಿನವರಿಗೆ ಕಾಣದೆಂದು ಅವರೂ ಎತ್ತುತ್ತಾರೆ. ಹತ್ತು ಹೆಜ್ಜೆ ದೂರದಲ್ಲಿ, ಭಯದಿಂದ ತುಟಿ ಕಚ್ಚಿಕೊಂಡು, ಹೆಜ್ಜೆ ತಪ್ಪಿ ಮತ್ತೆ ಹಿಡಿದು ಕುಣಿಯುತ್ತಿರುವ ಸ್ವಂತ ಮಗಳನ್ನು ಅಪ್ಪ ನೋಡುವುದು ಉಗುರಿನ ಗಾತ್ರದಲ್ಲಿ. ಮಗು ರಂಗದಿಂದ ಹುಡುಕುವುದು ಅಪ್ಪನ ಮುಖವನ್ನು; ಕಾಣುವುದು ಸಾಲು ಸಾಲು ಫೋನುಗಳ ಬೆನ್ನು. ಎದುರಿಗಿರುವವರ ಕಣ್ಣು ಕಂಡರೆ ಕುಣಿಯುವವರ ಕಾಲು ಬದಲಾಗುತ್ತದೆ. ರಂಗಕ್ಕೂ ವಿಡಿಯೊಕ್ಕೂ ಇರುವ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಇದೇ ಇರಬೇಕು: ವಿಡಿಯೊದಲ್ಲಿ ಇರುವವರಿಗೆ ನೀವು ಕಾಣುವುದಿಲ್ಲ.

ಇದಕ್ಕೆ ಉಪಾಯ ಕಷ್ಟದ್ದೇನಲ್ಲ. ಶಾಲೆಯವರು ಒಂದೇ ಒಂದು ಫೋನನ್ನು ಸ್ಟ್ಯಾಂಡಿಗೆ ಕಟ್ಟಿ, ಕೊನೆಯ ಸಾಲಿನ ಹಿಂದೆ ಮೇಜಿನ ಮೇಲೆ, ಇಡೀ ರಂಗ ಕಾಣುವಂತೆ ಇಡಬೇಕು. ಹತ್ತಿರ ಎಳೆಯುವುದು, ಆಚೀಚೆ ತಿರುಗಿಸುವುದು ಬೇಡ. ತಲೆಯಿಂದ ಪಾದದವರೆಗೆ ಎಲ್ಲ ಮಕ್ಕಳೂ ಸಿಗುತ್ತಾರೆ. ಮಿಕ್ಕವರ ಫೋನು ಜೇಬಿನಲ್ಲಿರಲಿ. ಮಾರನೆಯ ದಿನ ಆ ವಿಡಿಯೊ ಎಲ್ಲ ಮನೆಗೂ ತಲುಪಿದಾಗ, ಎಡಗೈ ಎತ್ತಿದ್ದು ಯಾರು, ಬಲಗೈ ಎತ್ತಿದ್ದು ಯಾರು ಎಂಬ ಜಗಳವೂ ತೀರುತ್ತದೆ.