ಮಳಿಗೆ ಬಾಡಿಗೆದಾರ ಖಾಲಿ ಮಾಡ್ತಿಲ್ವಾ? ಬೀಗ ಹಾಕೋ ಮೊದಲು ಈ ನಿಯಮಗಳು ತಿಳಿದಿರಲಿ

ಸಾಗರ / ಹೊಸನಗರ / ತೀರ್ಥಹಳ್ಳಿ: ಕರಾರು ಮುಗಿದು ವರ್ಷವಾಯ್ತು. ನಾಲ್ಕು ತಿಂಗಳಿಂದ ಬಾಡಿಗೆ ಬಂದಿಲ್ಲ. ಕೇಳಿದರೆ ‘ಮಳೆಗಾಲ ಕಳೀಲಿ, ಅಡಿಕೆ ಸುಗ್ಗಿಗೆ ಕೊಡ್ತೀನಿ’ ಅನ್ನೋ ಉತ್ತರ. ಇತ್ತ ಮಾಲೀಕನ ಮಗ ಊರಿಗೆ ವಾಪಸ್ ಬಂದು ಅದೇ ಮಳಿಗೆಯಲ್ಲಿ ಅಂಗಡಿ ಇಡಬೇಕು ಅಂತ ಕಾದಿದ್ದಾನೆ. ಸಾಗರದ ಬಿ.ಹೆಚ್.ರಸ್ತೆ ಇರಲಿ, ತೀರ್ಥಹಳ್ಳಿಯ ಆಜಾದ್ ರಸ್ತೆ ಇರಲಿ, ಹೊಸನಗರದ ಪೇಟೆ ಇರಲಿ, ಇಂಥ ತಕರಾರು ಹೊಸದಲ್ಲ. ಸಿಟ್ಟಿನಲ್ಲಿ ಇಡುವ ಒಂದು ತಪ್ಪು ಹೆಜ್ಜೆ ಮಾಲೀಕನನ್ನೇ ಆರೋಪಿ ಸ್ಥಾನದಲ್ಲಿ ನಿಲ್ಲಿಸಬಹುದು.

ಬೀಗ ಹಾಕಿದರೆ ಏನಾಗುತ್ತೆ?

ರಾತ್ರೋರಾತ್ರಿ ಬೀಗ ಹಾಕೋದು, ಸಾಮಾನು ಹೊರಗೆ ಇಡೋದು, ಕರೆಂಟ್ ಕಟ್ ಮಾಡಿಸೋದು ಕಾನೂನಿನ ದಾರಿಯಲ್ಲ. ಕರಾರು ಮುಗಿದಿದ್ದರೂ, ನೆಲೆಯೂರಿ ಸ್ವಾಧೀನದಲ್ಲಿ ಇರುವವರನ್ನು ಕಾನೂನು ಕ್ರಮದ ಮೂಲಕವೇ ತೆರವು ಮಾಡಬೇಕು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಬಲವಂತವಾಗಿ ಹೊರ ಹಾಕಿಸಿಕೊಂಡ ಬಾಡಿಗೆದಾರ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ 6 ತಿಂಗಳೊಳಗೆ ದಾವೆ ಹೂಡಿದರೆ ಸ್ವಾಧೀನ ಮತ್ತೆ ಪಡೆಯಬಹುದು. ಆ ದಾವೆಯಲ್ಲಿ ಮಳಿಗೆಯ ಒಡೆಯ ಯಾರು ಅನ್ನೋದು ಮುಖ್ಯವಲ್ಲ. ಹೊರ ಹಾಕಿದ್ದು ಕಾನೂನು ಪ್ರಕಾರವೋ ಅಲ್ಲವೋ ಅಷ್ಟೇ ಪ್ರಶ್ನೆ.

ಪೊಲೀಸ್ ಠಾಣೆಗೆ ಹೋದರೂ ‘ಇದು ಸಿವಿಲ್ ವಿಚಾರ’ ಅಂತಲೇ ಹೇಳ್ತಾರೆ. ಮಳಿಗೆ ಖಾಲಿ ಮಾಡಿಸುವ ಅಧಿಕಾರ ಠಾಣೆಗಿಲ್ಲ.

ಮೊದಲು ಮಳಿಗೆ ಅಳತೆ ಮಾಡಿಸಿ

ಯಾವ ಕಾಯ್ದೆ ಅನ್ವಯಿಸುತ್ತೆ ಅನ್ನೋದು ಮಳಿಗೆಯ ಗಾತ್ರದ ಮೇಲೆ ನಿಂತಿದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ವಾಣಿಜ್ಯ ಮಳಿಗೆಯ ತಳ ವಿಸ್ತೀರ್ಣ 14 ಚದರ ಮೀಟರ್ ದಾಟಿದರೆ ಈ ಕಾಯ್ದೆ ಅನ್ವಯಿಸೋದಿಲ್ಲ. 14 ಚದರ ಮೀಟರ್ ಅಂದರೆ ಸುಮಾರು 150 ಚದರ ಅಡಿ. ಅಂದರೆ ನಮ್ಮ ಪೇಟೆಗಳಲ್ಲಿ ಕಾಣುವ ‘ಹತ್ತು ಬೈ ಹದಿನೈದು’ ಮಳಿಗೆ ಸರಿಯಾಗಿ ಗಡಿಯಲ್ಲೇ ಬರುತ್ತೆ. ತಳ ವಿಸ್ತೀರ್ಣಕ್ಕೆ ಗೋಡೆಯ ದಪ್ಪವೂ ಸೇರುತ್ತೆ. ಹಾಗಾಗಿ ಅಂದಾಜು ಬೇಡ, ಟೇಪ್ ಹಿಡಿದು ಅಳತೆ ಮಾಡಿಸಿ.

ದೊಡ್ಡ ಮಳಿಗೆಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ಅನ್ವಯಿಸುತ್ತೆ. ಇಲ್ಲಿ ತಿಂಗಳ ಬಾಡಿಗೆಯ ಲೆಕ್ಕದಲ್ಲಿ ಇರುವವರನ್ನು ತೆರವು ಮಾಡಿಸಲು ‘ನನಗೆ ಮಳಿಗೆ ಬೇಕು’ ಅನ್ನೋದಕ್ಕೆ ಕಾರಣ ಸಾಬೀತು ಮಾಡಬೇಕಿಲ್ಲ. ಸರಿಯಾದ ನೋಟಿಸ್ ಕೊಟ್ಟಿದ್ದರೆ ಸಾಕು. ಬಾಡಿಗೆ ಕಾಯ್ದೆಯ ವ್ಯಾಪ್ತಿಗೆ ಬರುವ ಸಣ್ಣ ಮಳಿಗೆಯಾದರೆ ಬಾಡಿಗೆ ಬಾಕಿ, ಅನುಮತಿಯಿಲ್ಲದೆ ಒಳಬಾಡಿಗೆ, ಸ್ವಂತ ಅಗತ್ಯ ಇಂಥ ಕಾರಣ ತೋರಿಸಲೇಬೇಕು.

ಕರಾರು ಪತ್ರ ತೆಗೆದು ನೋಡಿ

1 ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು. ಅದಕ್ಕೇ ಬಹಳಷ್ಟು ಜನ 11 ತಿಂಗಳ ಕರಾರು ಮಾಡಿಕೊಳ್ಳೋದು. ಅವಧಿ ಮುಗಿದ ಮೇಲೂ ಬಾಡಿಗೆ ಪಡೀತಾ ಹೋದರೆ ಸಾಮಾನ್ಯವಾಗಿ ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆ ಆಗುತ್ತೆ. 5 ವರ್ಷ ಅಂತ ಬರೆದು ನೋಂದಣಿ ಮಾಡಿಸದ ಪತ್ರವಿದ್ದರೆ, ಆ 5 ವರ್ಷದ ಷರತ್ತನ್ನು ಕೋರ್ಟ್‌ನಲ್ಲಿ ಆಧಾರವಾಗಿ ಬಳಸಲು ಆಗೋದಿಲ್ಲ. ಆದರೆ ನೋಂದಾಯಿತ ಗುತ್ತಿಗೆಯ ಅವಧಿ ಇನ್ನೂ ಬಾಕಿ ಇದ್ದರೆ, ಬಾಡಿಗೆದಾರ ಷರತ್ತು ಮುರಿಯದ ಹೊರತು ಮಧ್ಯದಲ್ಲಿ ಎಬ್ಬಿಸುವುದು ಕಷ್ಟ.

15 ದಿನದ ನೋಟಿಸ್ ಹೇಗೆ?

ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು 106ನೇ ಕಲಂ ಪ್ರಕಾರ 15 ದಿನದ ಲಿಖಿತ ನೋಟಿಸ್ ಬೇಕು.

* ಬಾಯಿಮಾತು ಸಾಲದು. ನೋಟಿಸ್‌ಗೆ ಸಹಿ ಇರಬೇಕು.
* 15 ದಿನ ಎಣಿಸುವುದು ನೋಟಿಸ್ ತಲುಪಿದ ದಿನದಿಂದ. ಬರೆದ ದಿನದಿಂದ ಅಲ್ಲ.
* ಅಂಚೆಯಲ್ಲಿ ಕಳಿಸಿ ತಲುಪಿದ ದಾಖಲೆ ಇಟ್ಟುಕೊಳ್ಳಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ವಿಲೀನವಾಗಿದೆ.
* ನೋಟಿಸ್ ಅವಧಿ ಮುಗಿದ ಮೇಲೆ ಬಂದ ಹಣವನ್ನು ‘ಬಾಡಿಗೆ’ ಅಂತ ರಸೀದಿ ಬರೆದು ತಗೊಂಡರೆ, ನೋಟಿಸ್ ಕೈಬಿಟ್ಟಂತೆ ಅನ್ನೋ ವಾದಕ್ಕೆ ದಾರಿಯಾಗುತ್ತೆ. ಹಣ ಪಡೆಯುವ ಮುನ್ನ ವಕೀಲರನ್ನು ಕೇಳಿ.
* ಮಳಿಗೆಯಲ್ಲಿ ತಯಾರಿಕಾ ಘಟಕ ನಡೀತಿದ್ದರೆ 6 ತಿಂಗಳ ನೋಟಿಸ್ ಪ್ರಶ್ನೆ ಬರಬಹುದು. ಇದನ್ನು ಮೊದಲೇ ತಿಳಿಸಿ.

ಆಮೇಲೆ ಕೋರ್ಟ್

ನೋಟಿಸ್‌ಗೂ ಬಗ್ಗದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕು. ಕೋರ್ಟ್ ಶುಲ್ಕ ಮಳಿಗೆಯ ಮಾರುಕಟ್ಟೆ ಬೆಲೆ ಮೇಲೆ ಅಲ್ಲ, ಹಿಂದಿನ 1 ವರ್ಷದ ಬಾಡಿಗೆ ಮೇಲೆ ಲೆಕ್ಕವಾಗುತ್ತೆ. ಮುಂಗಡ ಅಂತ ದೊಡ್ಡ ಗುತ್ತಿಗೆ ಮೊತ್ತ ಪಡೆದಿದ್ದರೆ ಅದೂ ಲೆಕ್ಕಕ್ಕೆ ಬರಬಹುದು.

ಬಾಕಿ ಬಾಡಿಗೆ ಕೇಳಲು 3 ವರ್ಷದ ಕಾಲಮಿತಿ ಇದೆ. ‘ಇರಲಿ, ಆಮೇಲೆ ನೋಡೋಣ’ ಅಂದುಕೊಂಡು ಕೂತರೆ ಹಳೇ ಬಾಕಿ ಕೈತಪ್ಪುತ್ತೆ. ಬಾಡಿಗೆ ಕೊನೆಗೊಂಡ ನಂತರವೂ ಕೂತಿದ್ದ ಅವಧಿಗೆ ಪರಿಹಾರ ಕೇಳಬಹುದು. ತೆರವು ಆದೇಶದ ಮೇಲೆ ಬಾಡಿಗೆದಾರ ಮೇಲ್ಮನವಿ ಹಾಕಿ ತಡೆ ಕೇಳಿದರೆ, ಮಾರುಕಟ್ಟೆ ದರದಲ್ಲಿ ಹಣ ಕಟ್ಟುವಂತೆ ಕೋರ್ಟ್ ಷರತ್ತು ಹಾಕಬಹುದು ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದೇಶ ಬಂದರೂ ಬಿಡದಿದ್ದರೆ ಅಮಲ್ಜಾರಿ ಅರ್ಜಿ ಹಾಕಬೇಕು. ಕೋರ್ಟ್ ಅಮೀನರೇ ಬಂದು ಸ್ವಾಧೀನ ಕೊಡಿಸ್ತಾರೆ.

ಮಳಿಗೆ ಅಣ್ಣತಮ್ಮಂದಿರ ಜಂಟಿ ಹೆಸರಲ್ಲಿದ್ದರೆ, ಉಳಿದವರ ಆಕ್ಷೇಪವಿಲ್ಲದಿದ್ದಾಗ ಒಬ್ಬರೇ ದಾವೆ ಹೂಡಬಹುದು. ನಗರಸಭೆ, ಪಟ್ಟಣ ಪಂಚಾಯಿತಿ ಮಳಿಗೆಗಳ ದಾರಿ ಬೇರೆ. ಅವಕ್ಕೆ 1974ರ ಸಾರ್ವಜನಿಕ ಆವರಣಗಳ ಕಾಯ್ದೆ ಇದೆ.

ಅಂಗಡಿಯವರೂ ಗಮನಿಸಿ

ಬಾಡಿಗೆಯನ್ನು ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕೊಡಿ, ದಾಖಲೆ ಉಳಿಯುತ್ತೆ. ನೋಟಿಸ್ ಬಂದರೆ ‘ತಗೊಳ್ಳಲ್ಲ’ ಅಂತ ವಾಪಸ್ ಕಳಿಸಿದರೆ ಲಾಭವಿಲ್ಲ. ಉತ್ತರ ಕೊಡಿ. ಅಡ್ವಾನ್ಸ್ ಇದೆ ಅನ್ನೋ ಕಾರಣಕ್ಕೆ ಬಾಡಿಗೆ ನಿಲ್ಲಿಸಬೇಡಿ. ಬೀಗ ಒಡೆಯುವ, ಹಾಕುವ ಬೆದರಿಕೆ ಬಂದರೆ ತಡೆಯಾಜ್ಞೆ ಕೇಳುವ ಹಕ್ಕು ನಿಮಗಿದೆ.

ರಾಜಿಗೂ ದಾರಿ ಇದೆ

ಒಂದೇ ಪೇಟೆಯಲ್ಲಿ ದಿನಾ ಮುಖ ನೋಡುವವರಿಗೆ ವರ್ಷಗಟ್ಟಲೆ ಕೋರ್ಟ್ ಅಲೆದಾಟಕ್ಕಿಂತ ರಾಜಿಯೇ ಒಳ್ಳೇದು. ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು ಲೋಕ ಅದಾಲತ್‌ನಲ್ಲಿ ಮಾತಾಡಬಹುದು. ಖಾಲಿ ಮಾಡುವ ದಿನಾಂಕ, ಬಾಕಿ ಹಣ, ವಾಪಸ್ ಕೊಡಬೇಕಾದ ಅಡ್ವಾನ್ಸ್ ಮೂರನ್ನೂ ಬರೆಸಿ. ಅಲ್ಲಿ ಆದ ರಾಜಿಗೆ ಕೋರ್ಟ್ ಡಿಕ್ರಿಯ ಬೆಲೆ ಇದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತೆ.